ಒಂಬತ್ತನೇ ದಿನದ ವಾಸನಿ

ವೈನಿನ ಗ್ಲಾಸು ತೊಳಿಯೂದು ಭಾಂಡಿ ತಿಕ್ಕಿದಂಗಲ್ಲ.
ಕಾಲು ಹಿಡೀಬೇಕು, ಹೊಟ್ಟಿ ಮುಟ್ಟಬಾರದು,
ಬಿಸಿನೀರಿನ ಉಗಿ ಮ್ಯಾಲ ಒಂದು ಗಳಿಗಿ ಬೋರಲ ಹಿಡಿದು
ಮೆತ್ತನ ಅರಿವಿಲೆ ತಿರುವಬೇಕು.
ಕಲಿಯೂತನಾ ಹದಿನಾಲ್ಕು ಒಡದೀನಿ.
ಎಂಟರ ರೊಕ್ಕ ಪಗಾರದಾಗ ಹಿಡದ್ರು,
ಆರು, ಅಡಗಿಯ ಲಿನೆಟ್ ಬಾಯಿ ತನ್ನ ಹೆಸರಿಗೆ ಬರಸಿಕೊಂಡ್ಳು.

ಮಂಗಳವಾರ ಹೋಟೆಲಿಗೆ ರಜಾ. ಪಣಜಿಯ
ಹಳದಿ ಗ್ವಾಡಿ ಓಣಿಗೆ ವೈನಿನ ಮಾಸ್ತರ ಬಂದ,
ಮುಂಬೈಯಾಂವ, ಕೈಜಾದ್ ಸರ್,
ಮೂಗೊಂದು ಬಿಟ್ಟು ಮೈಯಾಗಿಂದೆಲ್ಲಾ ಸಣ್ಣದು.
ವೇಟರ್ ಹುಡುಗರನ್ನ ಸಾಲಾಗಿ ಕುಂಡರಿಸಿ
ಒಬ್ಬೊಬ್ಬಗ ಎರಡು ಬಳ್ಳಿನಷ್ಟು ಸುರುವಿದ,
ಕುಸುಬಿ ಎಣ್ಣಿ ಬಣ್ಣದ್ದು.
"ಕುಡೀಬ್ಯಾಡ್ರಿ, ಮೊದಲ ಮೂಸ್ರಿ" ಅಂದ.
ಹುಡುಗರು ಪುಸ್ತಕದಾಗಿಂದು ಒಪ್ಪಿಸಿದ್ರು:
ಮಲ್ಲಿಗಿ, ಜರ್ದಾಳು, ಜೇನು, ಕಿತ್ತಳಿ ಹೂವು.
ಕಿತ್ತಳಿ ಹೂವು ಯಾರು ನೋಡ್ಯಾರ ಅವರಾಗ?
ಆಗ್ನೇಲ ನೋಡಿಲ್ಲ, ಬಾಬುಸೋ ನೋಡಿಲ್ಲ,
ಆದ್ರೂ ಕಣ್ಣು ಮುಚ್ಚಿ ತಲಿ ಆಡಸಿದ್ರು.

ನಾ ಟ್ರೇ ಹಿಡ್ಕೊಂಡು ಬಾಗಲಾಗ ನಿಂತಿದ್ದೆ.
"ನೀ ಹೇಳು ಮೌಶಿ" ಅಂದ.
ಕುಡಿಯಾಕಿ ಅಲ್ಲರಿ ನಾ, ಕೊಳ್ಳಾಗ ಲಿಂಗ ಐತಿ.
ಮೂಗಿಗೇನು ಕಟ್ಟಿಲ್ಲಲ್ಲ. ಮೂಸಿದೆ.
ಮೂಸಿದ್ದ ತಡ, ಪಣಜಿ ಹೋತು.

ತಿಕೋಟಾದ ಹಾದಿ. ಹಸರ ಜಾಳಗಿಯ ಶೆಡ್ಡು,
ಬಲಿ ಮ್ಯಾಲ ಬಲಿ, ಬಲಿತುಂಬ ಹಸಿ ಗೊನಿ.
ಮೊದಲನೇ ದಿನ ಬರೇ ಅದ್ದಿದ ಎಣ್ಣಿ ವಾಸನಿ, ಕೈ ಉರೀತಾವ.
ನಾಕನೇ ದಿನ ಹುಲ್ಲು.
ಹದಿನಾರಕ್ಕ ಮನೂಕ. ಅದು ಅಂಗಡಿ ವಾಸನಿ, ಕೂಸಿಗೂ ಗೊತ್ತು.
ನಡುವ ಒಂಬತ್ತನೇ ದಿನ ಅಂತ ಒಂದು ಬರತೈತಿ:
ಹಣ್ಣು, ಹಣ್ಣಾಗಿ ಉಳದಿರೂದಿಲ್ಲ, ಮನೂಕ ಇನ್ನೂ ಆಗಿರೂದಿಲ್ಲ,
ತೊಗಲು ಸುಕ್ಕಾಗಿ ಒಳಗಿನ ನೀರು
ಏನೋ ಒಂದು ಗಟ್ಟಿ ಮನಸು ಮಾಡತೈತಿ.
ಅವತ್ತ ಸಂಜಿಮುಂದ ಗಾಳಿ ತಿರುಗಿದ್ರ
ಶೆಡ್ಡಿನ ತುಂಬ, ಹೂವಿಲ್ಲದ ಹೂವಿನ ವಾಸನಿ.
ಕಸ್ತೂರಕ್ಕ ಆರಿಸೂದು ಬಿಟ್ಟು ಸುಮ್ಮ ಕುಂದರತಿದ್ಳು.
ಮುಕಾದಮ ಸೈತ ಬೈತಿದ್ದಿಲ್ಲ,
ಒಂದು ಬೀಡಿ ತೀರೂಮಟ.

"ಒಂಬತ್ತನೇ ದಿನ" ಅಂದೆ. ಅಷ್ಟ ಬಂತು ಬಾಯಿಗೆ.
ಹುಡುಗರು ನಕ್ರು. ಸರ್ ನಗಲಿಲ್ಲ.
ಹರಕು ಹಿಂದಿಯಾಗ ಶೆಡ್ಡು, ಬಲಿ, ಗಾಳಿ ಎಲ್ಲಾ ಹೇಳಿದೆ.
ಅಂವ ಬಾಟಲಿ ತಿರುವಿ ಚೀಟಿ ತೋರಸಿದ:
ಸಿಸಿಲಿಗೂ ಆಫ್ರಿಕಕ್ಕೂ ನಡುವ ಒಂದು ಕರೀಕಲ್ಲಿನ ನಡುಗಡ್ಡಿ.
ಗಾಳಿ ಎಷ್ಟಂದ್ರ ಬಳ್ಳಿ ನಿಂದ್ರೂದಿಲ್ಲ,
ಕುಣಿ ತೋಡಿ ಕುಂಡರಸ್ತಾರ,
ನೀರ ಹಾಕೂ ಮುಂದ ಕೂಸಿನ್ನ ಕುಂಡರಿಸಿದಂಗ.
ಹಣ್ಣಿನ ಹೆಸರು ಜಿಬೀಬ್ಬೊ. ಅರಬರಿಂದ ಬಂದದ್ದು,
ಅವರು ಮನೂಕಕ್ಕ ಜಬೀಬ್ ಅಂತಾರ.
ಬಿಸಲಿಗೆ ಒಣಗಿಸಿ ಹಿಂಡತಾರ, ಅಂದ.
ಎಷ್ಟು ದಿನ ಅಂತ ಕೇಳಿದೆ. ಅಂವಗೂ ಗೊತ್ತಿದ್ದಿಲ್ಲ.

ಅಲ್ಲಿ ಬಲಿ ಇಲ್ಲಂತ, ಕಲ್ಲಿನ ಮ್ಯಾಲ ಹರವತಾರಂತ.
ಹಂಗಾದ್ರ ಟೊಂಕ ಬಾಗಿಸಿ ತಿರುವಿ ಹಾಕಾಕಿ
ಒಬ್ಬಾಕಿ ಇರಬೇಕಲ್ಲ.
ಅಕಿ ಯಾವ ದಿನ ಕೈ ಬಿಟ್ಟು ಸುಮ್ಮ ಕುಂದರತಾಳೋ,
ಅಕಿ ಮುಕಾದಮ ಬೀಡಿ ಸೇದತಾನೋ ಇಲ್ಲೋ.

ಹೋಟೆಲ್ ಕಾರ್ಡಿನಾಗ ಮಲ್ಲಿಗಿ, ಜರ್ದಾಳು ಅಂತ ಬರದಾರ.
ಬರ್ಕೊಳ್ಳಿ.

ರಾತ್ರಿ ಎಲ್ಲಾ ಗ್ಲಾಸು ತೊಳದೆ. ನಾ ಮೂಸಿದ್ದನ್ನ ಮಾತ್ರ
ಸಾಬಣ ಹಚ್ಚದ ಅರಿವಿಲೆ ಒರಸಿದೆ,
ಅರಿವಿ ಟೊಂಕಕ್ಕ ಸಿಗಸಿದ್ದು ಹಂಗ ಮರತೆ.
ಬೇತಿಮ್ ಫೆರಿ, ಕಡೀ ಸುತ್ತು.
ಮಾಂಡವಿ ನೀರಾಗ ಜೂಜಿನ ಹಡಗು ದೀಪಾ ಹಚ್ಕೊಂಡು ಕುಂತಾವ.
ಬಾಜೂಕ ಮೀನ ಮಾರಾಕಿ ಖಾಲಿ ಬುಟ್ಟಿ ಇಳಿಸಿ
ಗಾಳಿಗೆ ಮೂಗು ಎತ್ತಿದ್ಳು, ನನ್ನ ತುರುಬು ನೋಡಿದ್ಳು,
ಮತ್ತೊಮ್ಮಿ ನೋಡಿದ್ಳು.
"ಈ ಹೊತ್ತಿನಾಗ ಹೂವ ಎಲ್ಲಿ ಸಿಕ್ತು?"
"ತಿಕೋಟಾದಾಗ."
"ಅದೆಲ್ಲಿ, ಮಾಪ್ಸಾದ ಕಡೇನು?"
ಹೂಂ ಅಂದೆ.